ಕಾರಿನ ಎಸಿ ಬಿಸಿಗಾಳಿ ಬಿಡುತ್ತಿದೆಯಾ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ ಬಳ್ಳಾರಿಯಿಂದ ರಾಯಚೂರಿಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಚಿಕ್ಕಮ್ಮ. ಹೊರಗೆ 41 ಡಿಗ್ರಿ. ಸಿರುಗುಪ್ಪದವರೆಗೆ ಎಸಿ ಚೆನ್ನಾಗಿ ತಂಪು ಕೊಟ್ಟಿತು. ಅಲ್ಲಿಂದ ಮುಂದೆ ಗಾಳಿ ಅಷ್ಟೇ ಜೋರಾಗಿ ಬರುತ್ತಿತ್ತು, ತಂಪು ಮಾತ್ರ ಇಲ್ಲ. ಸಿಂಧನೂರಿನಲ್ಲಿ ಊಟಕ್ಕೆಂದು ನೆರಳಲ್ಲಿ ಗಾಡಿ ಹಾಕಿ ಒಂದೂವರೆ ಗಂಟೆ ಬಿಟ್ಟು ಹೊರಟರೆ ಎಸಿ ಮತ್ತೆ ಮೊದಲಿನ ಹಾಗೆ ತಂಪು! ಮಾನ್ವಿ ಬರುವಷ್ಟರಲ್ಲಿ ಮತ್ತೆ ಬಿಸಿ. ಅಮ್ಮ ಒದ್ದೆ ಟವೆಲ್ ತಲೆ ಮೇಲೆ ಹಾಕಿಕೊಂಡು ಕೂತಿದ್ದು ಇನ್ನೂ ಕಣ್ಣ ಮುಂದಿದೆ.

ಹೊರಡುವ ಮೊದಲೇ ಒಂದು ಅಂಗಡಿಯಲ್ಲಿ ತೋರಿಸಿದ್ದೆ. "ಗ್ಯಾಸ್ ಕಮ್ಮಿ ಇದೆ ಸರ್" ಅಂತ ತುಂಬಿದರು, 1,800 ರೂಪಾಯಿ. ವಾಪಸ್ ಬಂದಮೇಲೆ ಇನ್ನೊಂದು ಕಡೆ ಹೋದೆ. ಅಲ್ಲಿಯೂ ಗ್ಯಾಸ್, 1,500 ರೂಪಾಯಿ. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ಆಮೇಲೆ ನಾನೇ ಬಾನೆಟ್ ಎತ್ತಿ ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಹೋದೆ. ಸಿಕ್ಕಿದ ದೋಷಕ್ಕೂ ಗ್ಯಾಸಿಗೂ ಸಂಬಂಧವೇ ಇರಲಿಲ್ಲ.

ಅದಕ್ಕೇ ಮೊದಲ ಮಾತು ಇದು: ಎಸಿ ಗ್ಯಾಸ್ ಪೆಟ್ರೋಲ್ ಹಾಗೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪುಗಳಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ರಬ್ಬರ್ ಹೋಸ್, ಕಂಪ್ರೆಸರ್ ಸೀಲ್ ಮೂಲಕ ವರ್ಷಕ್ಕೆ ಸ್ವಲ್ಪ ಸ್ವಲ್ಪ ಜಾರಿ ಹೋಗುವುದು ನಿಜ, ಆದರೆ ಅದು ಗೊತ್ತಾಗಲು ಹಲವು ವರ್ಷ ಬೇಕು. ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸುವ ಹಾಗಾಗಿದ್ದರೆ ಎಲ್ಲೋ ಲೀಕ್ ಇದೆ, ಅಥವಾ ನನ್ನ ಹಾಗೆ ದೋಷ ಬೇರೆಲ್ಲೋ ಇದೆ.

ಒಳಗೆ ಏನು ನಡೆಯುತ್ತದೆ

ಇದು ಗೊತ್ತಿದ್ದರೆ ಹುಡುಕುವುದು ಸುಲಭ. ಮಣ್ಣಿನ ಗಡಿಗೆಯ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಅಲ್ವಾ? ಗಡಿಗೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ಎಸಿ ಮಾಡುವುದೂ ಇದನ್ನೇ. ಆದರೆ ಆವಿಯಾಗಿದ್ದನ್ನು ಹೊರಗೆ ಬಿಡದೆ ಹಿಡಿದು, ಮತ್ತೆ ದ್ರವ ಮಾಡಿ, ಮತ್ತೆ ಬಳಸುತ್ತದೆ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ದ್ರವವಾಗಿ ಬಂದ ಗ್ಯಾಸ್ ಆವಿಯಾಗುತ್ತದೆ, ಅಲ್ಲಿ ತಂಪು ಹುಟ್ಟುತ್ತದೆ. ಆ ಆವಿಯನ್ನು ಎಂಜಿನ್ ಬೆಲ್ಟಿನಿಂದ ಓಡುವ ಕಂಪ್ರೆಸರ್ ಎಳೆದು ಒತ್ತುತ್ತದೆ. ರೇಡಿಯೇಟರ್ ಮುಂದೆ ಇರುವ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಡ್ರೈಯರ್ ಅದರಲ್ಲಿರುವ ತೇವ ಹೀರುತ್ತದೆ. ಕೊನೆಗೆ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ರಂಧ್ರದಲ್ಲಿ ಹಾದು ಮತ್ತೆ ಕಾಯಿಲ್‌ಗೆ ಬರುತ್ತದೆ. ತಂಪು ಬರುತ್ತಿಲ್ಲ ಎಂದರೆ ಈ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ತಡೆ ಬಿದ್ದಿದೆ.

ಕೈ ಹಾಕುವ ಮೊದಲು

ಗ್ಯಾಸ್ ಪೈಪಿನ ಜಾಯಿಂಟನ್ನು ಮನೆಯಲ್ಲಿ ಬಿಚ್ಚಬೇಡಿ. ನಮ್ಮ ಹೆಚ್ಚಿನ ಕಾರುಗಳಲ್ಲಿರುವ ಆರ್-134ಎ ಎಂಬ ಎಸಿ ಗ್ಯಾಸ್ ಹೊರಗಿನ ಗಾಳಿಯ ಒತ್ತಡದಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಕೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಅದನ್ನು ಸುಮ್ನೆ ಗಾಳಿಗೆ ಬಿಡುವುದೂ ತಪ್ಪು. ಒಂದು ಕಿಲೋ 134ಎ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಸಾವಿರ ಕಿಲೋ ಇಂಗಾಲದ ಡೈಆಕ್ಸೈಡಿಗಿಂತ ಜಾಸ್ತಿ.

ಎಂಜಿನ್ ಓಡುವಾಗ ಬೆಲ್ಟ್ ಹತ್ತಿರ ಕೈ, ದುಪಟ್ಟಾ, ಉದ್ದ ತೋಳಿನ ಅಂಗಿ ಏನೂ ಹೋಗಬಾರದು. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ಶುರುವಾಗುತ್ತದೆ, ಬೆರಳು ಅಲ್ಲಿಂದ ದೂರ ಇರಲಿ. ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬೇಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ.

ಗಾಳಿಯೇ ಕಮ್ಮಿಯೋ, ಗಾಳಿ ಬಂದರೂ ತಂಪಿಲ್ಲವೋ?

ಇವೆರಡನ್ನೂ ಜನ "ಎಸಿ ಕೆಲಸ ಮಾಡ್ತಿಲ್ಲ" ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತಾರೆ. ಎರಡೂ ಬೇರೆ ಬೇರೆ ಕಾಯಿಲೆ.

ಗಾಳಿ ಕಮ್ಮಿ ಬರುತ್ತಿದ್ದರೆ ಮೊದಲು ಕ್ಯಾಬಿನ್ ಫಿಲ್ಟರ್ ನೋಡಿ. ಬಹಳ ಕಾರುಗಳಲ್ಲಿ ಇದು ಎಡಗಡೆಯ ಗ್ಲೋವ್‌ಬಾಕ್ಸ್ ಹಿಂದೆ ಇರುತ್ತದೆ, ಬಾಕ್ಸನ್ನು ಎರಡೂ ಬದಿ ಒತ್ತಿ ಇಳಿಸಿದರೆ ಕಾಣುತ್ತದೆ. ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸುವವರ ಫಿಲ್ಟರ್ ತೆಗೆದರೆ ಒಂದು ಹಿಡಿ ಒಣ ಎಲೆ, ಹೂವು ಸಿಗುತ್ತದೆ. ಜಾಡಿಸಿ ಹಾಕಬಹುದು, ಕಪ್ಪಾಗಿದ್ದರೆ ಹೊಸದೇ ಹಾಕಿ. ಬ್ಲೋವರ್ ಒಂದು, ಎರಡು, ಮೂರನೇ ಸ್ಪೀಡಿನಲ್ಲಿ ಓಡದೆ ನಾಲ್ಕರಲ್ಲಿ ಮಾತ್ರ ಓಡಿದರೆ ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಕಾರಣ ಏನೆಂದರೆ ನಾಲ್ಕನೇ ಸ್ಪೀಡಿಗೆ ಕರೆಂಟ್ ರೆಸಿಸ್ಟರ್ ದಾಟದೆ ನೇರವಾಗಿ ಹೋಗುತ್ತದೆ. ಸಣ್ಣ ಭಾಗ, ಎರಡು ಸ್ಕ್ರೂ ಬಿಚ್ಚಿ ಬದಲಾಯಿಸಬಹುದು.

ಇನ್ನೊಂದು ವಿಚಿತ್ರ ಲಕ್ಷಣ ಇದೆ. ಹೊರಟಾಗ ಎಲ್ಲಾ ಸರಿ, ಒಂದು ಗಂಟೆ ಓಡಿಸಿದ ಮೇಲೆ ಗಾಳಿ ತೆಳ್ಳಗಾಗುತ್ತಾ ಹೋಗುತ್ತದೆ, ಬ್ಲೋವರ್ ಸದ್ದು ಮಾತ್ರ ಹಾಗೇ ಇರುತ್ತದೆ. ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿ ಗಾಳಿಯ ದಾರಿ ಮುಚ್ಚಿದೆ ಎಂದರ್ಥ. ಎಸಿ ಬಟನ್ ಆಫ್ ಮಾಡಿ ಬ್ಲೋವರ್ ಹಾಗೇ ಬಿಡಿ. ಹದಿನೈದು ನಿಮಿಷದಲ್ಲಿ ಗಾಳಿ ವಾಪಸ್ ಬಂದರೆ ಅನುಮಾನ ನಿಜ. ಕಟ್ಟಿಕೊಂಡ ಫಿಲ್ಟರ್, ಇಲ್ಲವೇ ಕಾಯಿಲ್‌ನ ತಂಪು ಅಳೆಯುವ ಸೆನ್ಸರ್, ಈ ಎರಡರಲ್ಲಿ ಒಂದನ್ನು ಮೊದಲು ನೋಡಿ.

ಗಾಳಿ ಜೋರಾಗಿದ್ದೂ ತಂಪಿಲ್ಲದಿದ್ದರೆ, ಹೊರಗಿನ ಗಾಳಿ ಎಳೆಯುವ ಲಿವರ್ ಯಾವ ಕಡೆ ಇದೆ ಅಂತ ನೋಡಿ. 40 ಡಿಗ್ರಿ ಗಾಳಿಯನ್ನು ಒಳಗೆ ಎಳೆಯುತ್ತಾ ಇದ್ದರೆ ಯಾವ ಎಸಿಯೂ ಸೋಲುತ್ತದೆ. ಆಮೇಲೆ ಗಾಡಿಯ ಕೆಳಗೆ ಬಗ್ಗಿ ನೋಡಿ. ನೀರು ತೊಟ್ಟಿಕ್ಕುತ್ತಿದೆಯಾ? ತೊಟ್ಟಿಕ್ಕುತ್ತಿದ್ದರೆ ಕಾಯಿಲ್ ತಣ್ಣಗಾಗುತ್ತಿದೆ, ಅಂದರೆ ಗ್ಯಾಸ್, ಕಂಪ್ರೆಸರ್ ಕೆಲಸ ಮಾಡುತ್ತಿವೆ. ಹಾಗಿದ್ದೂ ಒಳಗೆ ಬಿಸಿಗಾಳಿ ಬಂದರೆ ಹೀಟರ್ ಕಡೆಯ ಫ್ಲಾಪ್ ಪೂರ್ತಿ ಮುಚ್ಚುತ್ತಿಲ್ಲ. ಬಿಸಿ-ತಂಪು ನಾಬ್ ತಿರುಗಿಸುವಾಗ ಡ್ಯಾಶ್ ಕೆಳಗಿನ ಕೇಬಲ್ ಅಲ್ಲಾಡುತ್ತಿದೆಯಾ ನೋಡಿ. ಬಹಳ ಸಲ ಅದು ಕ್ಲಿಪ್ಪಿನಿಂದ ಕಳಚಿಕೊಂಡಿರುತ್ತದೆ. ಒಣ ಹವೆಯ ದಿನ ನೀರು ಕಮ್ಮಿಯೇ ಬರುತ್ತದೆ, ಅದು ನೆನಪಿರಲಿ. ನೀರು ಕೆಳಗೆ ಬೀಳದೆ ಪಕ್ಕದ ಸೀಟಿನವರ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತಿದ್ದರೆ ಡ್ರೈನ್ ಪೈಪ್ ಕಟ್ಟಿದೆ.

ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ

ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಇನ್ನೂರು, ಮುನ್ನೂರು ರೂಪಾಯಿಗೆ ಸಿಗುತ್ತದೆ. ನೆರಳಲ್ಲಿ ಗಾಡಿ ನಿಲ್ಲಿಸಿ, ಕಿಟಕಿ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವ ಹಾಗಿಟ್ಟು, ಬ್ಲೋವರ್ ಎರಡರಲ್ಲಿ, ಎಂಜಿನ್ 1,500 ಆರ್‌ಪಿಎಂನಲ್ಲಿ ಐದು ನಿಮಿಷ ಓಡಿಸಿ, ಕಡ್ಡಿಯನ್ನು ನಡುವಿನ ವೆಂಟ್ ಒಳಗೆ ತೂರಿಸಿ. ನಮ್ಮ ಕಡೆಯ ಬೇಸಿಗೆಯಲ್ಲಿ ಸಣ್ಣ ಕಾರಿಗೆ 8ರಿಂದ 14 ಡಿಗ್ರಿ ಬಂದರೆ ನನ್ನ ಲೆಕ್ಕದಲ್ಲಿ ಆರೋಗ್ಯವಾಗಿದೆ. 20 ದಾಟಿದರೆ ದೋಷ ಇದೆ. "ಯಾಕೋ ಮೊದಲಿನಷ್ಟು ತಂಪಿಲ್ಲ" ಅಂತ ಹೇಳುವುದಕ್ಕಿಂತ "22 ಡಿಗ್ರಿ ಬರ್ತಿದೆ" ಅಂದರೆ ಮೆಕ್ಯಾನಿಕ್ ಕೂಡ ಬೇರೆ ರೀತಿ ಕೇಳಿಸಿಕೊಳ್ಳುತ್ತಾರೆ.

ನಿಂತಾಗ ಬಿಸಿ, ಓಡುವಾಗ ತಂಪು

ಸಿಗ್ನಲ್‌ನಲ್ಲಿ ಬಿಸಿಯಾಗಿ ಹೈವೇಯಲ್ಲಿ ತಂಪಾದರೆ ಕಂಡೆನ್ಸರ್‌ಗೆ ಗಾಳಿ ಸಾಕಾಗುತ್ತಿಲ್ಲ. ಸಾಮಾನ್ಯವಾಗಿ ಎಸಿ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಮುಂದಿನ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಅದರ ಫ್ಯೂಸ್, ರಿಲೇ (ಕರೆಂಟ್ ಹರಿಸಿ ನಿಲ್ಲಿಸುವ ಸಣ್ಣ ಸ್ವಿಚ್ ಡಬ್ಬಿ), ಮೋಟರ್ ಈ ಕ್ರಮದಲ್ಲಿ ನೋಡಿ. ತಿರುಗುತ್ತಿದ್ದರೆ ಕಂಡೆನ್ಸರ್ ಮೈಯನ್ನು ಟಾರ್ಚ್ ಹಾಕಿ ನೋಡಿ. ಸಿಂಧನೂರು, ಮಾನ್ವಿ ಕಡೆ ಓಡಾಡುವ ಗಾಡಿಗಳಲ್ಲಿ ಭತ್ತದ ಧೂಳು, ಹತ್ತಿಯ ಎಳೆ, ಹುಳ ಎಲ್ಲಾ ಸೇರಿ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಎಂಜಿನ್ ತಣ್ಣಗಿರುವಾಗ ಗಿಡಕ್ಕೆ ನೀರು ಹಾಕುವ ಪೈಪಿನಿಂದ ನಿಧಾನವಾಗಿ ತೊಳೆಯಿರಿ, ಬೇಕಾದರೆ ಮೃದು ಬ್ರಷ್. ವಾಟರ್ ಸರ್ವೀಸಿನ ಪ್ರೆಷರ್ ಗನ್ ಹತ್ತಿರದಿಂದ ಹಿಡಿದರೆ ತೆಳ್ಳನೆ ಫಿನ್‌ಗಳು ಮಡಚಿ ಇದ್ದ ದಾರಿಯೂ ಮುಚ್ಚುತ್ತದೆ. ನಮ್ಮ ಮಾವನ ಗಾಡಿಗೆ ಬರೀ ಈ ತೊಳೆಯುವುದರಿಂದಲೇ ನಿಂತಾಗ ವೆಂಟ್‌ನ ಗಾಳಿ ಐದು ಡಿಗ್ರಿ ತಂಪಾಯಿತು.

"ಟಕ್" ಎಂಬ ಸದ್ದು

ಎಂಜಿನ್ ಓಡುತ್ತಿರಲಿ, ಒಬ್ಬರು ಒಳಗೆ ಕೂತು ಎಸಿ ಬಟನ್ ಒತ್ತಲಿ, ನೀವು ದೂರ ನಿಂತು ಕಂಪ್ರೆಸರ್ ಮುಂಭಾಗ ನೋಡಿ. ಪುಲ್ಲಿ ಯಾವಾಗಲೂ ತಿರುಗುತ್ತಿರುತ್ತದೆ, ನಡುವಿನ ಪ್ಲೇಟ್ ನಿಂತಿರುತ್ತದೆ. ಬಟನ್ ಒತ್ತಿದಾಗ "ಟಕ್" ಎಂದು ಪ್ಲೇಟ್ ಪುಲ್ಲಿಗೆ ಅಂಟಿಕೊಂಡು ಜೊತೆಗೇ ತಿರುಗಬೇಕು. ಇದೇ ಮ್ಯಾಗ್ನೆಟಿಕ್ ಕ್ಲಚ್. ಕೆಲವು ಹೊಸ ಕಾರುಗಳ ಕಂಪ್ರೆಸರ್‌ಗೆ ಈ ಕ್ಲಚ್ಚೇ ಇರುವುದಿಲ್ಲ, ಅವುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಪ್ಲೇಟ್ ಕೆಲವೇ ಸೆಕೆಂಡಿಗೊಮ್ಮೆ ಅಂಟಿ ಬಿಟ್ಟು, ಅಂಟಿ ಬಿಟ್ಟು ಮಾಡುತ್ತಿದ್ದರೆ ಆಗ ಗ್ಯಾಸ್ ಕಮ್ಮಿ ಎಂಬ ಮಾತಿಗೆ ಬೆಲೆ ಇದೆ. ಜಾಯಿಂಟುಗಳ ಸುತ್ತ ಎಣ್ಣೆ ಜಿಡ್ಡಿನ ಮೇಲೆ ಧೂಳು ಕೂತಿರುವ ಜಾಗ ಹುಡುಕಿ. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುವುದರಿಂದ ಲೀಕ್ ಆಗುವ ಕಡೆ ಅದು ಗುರುತು ಬಿಡುತ್ತದೆ. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ಗ್ಯಾಸ್ ತುಂಬುವ ವಾಲ್ವುಗಳ ಕ್ಯಾಪ್ ತೆಗೆದು ಅಲ್ಲೂ ಒಂದು ಹನಿ ಬಿಡಿ. ಎರಡು ಸಲ ಗ್ಯಾಸ್ ತುಂಬಿಸಿದ ಗಾಡಿಯಲ್ಲಿ ಲೀಕ್ ಆ ವಾಲ್ವಿನಲ್ಲೇ ಇದ್ದದ್ದನ್ನು ನಾನು ನೋಡಿದ್ದೇನೆ.

ಪ್ಲೇಟ್ ಬಿಡದೆ ತಿರುಗುತ್ತಿದ್ದೂ ತಂಪಿಲ್ಲದಿದ್ದರೆ, ಫ್ಯಾನ್ ಮತ್ತು ಕಂಡೆನ್ಸರ್ ಸರಿ ಇದ್ದರೆ, ಕಂಪ್ರೆಸರ್ ಒಳಗಡೆ ಸವೆದಿರಬಹುದು ಅಥವಾ ಎಕ್ಸ್‌ಪಾನ್ಷನ್ ವಾಲ್ವ್ ಕಟ್ಟಿರಬಹುದು. ಅದಕ್ಕೆ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಬೇಕು, ಅಂಗಡಿಗೆ ಹೋಗಿ.

ಗೇಜ್ ಇರುವವರಿಗೆ ಒಂದು ಮಾತು. ಎಂಜಿನ್ ಆಫ್ ಇದ್ದು ಎಲ್ಲಾ ತಣ್ಣಗಿರುವಾಗ 30 ಡಿಗ್ರಿ ಹವೆಯಲ್ಲಿ ಎರಡೂ ಮುಳ್ಳು ಸುಮಾರು 97 ಪಿಎಸ್‌ಐ ತೋರಿಸುತ್ತವೆ. ಇದನ್ನು ನೋಡಿ "ಗ್ಯಾಸ್ ಫುಲ್ ಇದೆ" ಅನ್ನಬೇಡಿ. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೂ ಅಷ್ಟೇ ತೋರಿಸುತ್ತದೆ, ಪೂರ್ತಿ ಇದ್ದರೂ ಅಷ್ಟೇ. ಅಡುಗೆ ಸಿಲಿಂಡರ್ ಕಾಲು ಭಾಗ ಇದ್ದರೂ ಒಲೆ ಅದೇ ಜೋರಿನಲ್ಲಿ ಉರಿಯುವುದಿಲ್ಲವೇ, ಹಾಗೆ. ಗ್ಯಾಸ್ ಎಷ್ಟಿದೆ ಅಂತ ಖಚಿತವಾಗಿ ಹೇಳುವುದು ತೂಕ ಮಾತ್ರ.

ಪ್ಲೇಟ್ ಅಂಟುವುದೇ ಇಲ್ಲ ಎಂದರೆ ಕರೆಂಟಿನ ಕಡೆ ಹೊರಳಿ. ಮೊದಲು ಫ್ಯೂಸ್. ಆಮೇಲೆ ರಿಲೇ. ಹಾರ್ನ್ ರಿಲೇಯ ನಂಬರ್ ಎಸಿ ರಿಲೇಯ ನಂಬರ್ ಒಂದೇ ಇದ್ದರೆ ಅದಲು ಬದಲು ಮಾಡಿ ನೋಡಿ, ಒಂದೇ ನಿಮಿಷದ ಕೆಲಸ. ನಂತರ ಪ್ರೆಷರ್ ಸ್ವಿಚ್. ಗ್ಯಾಸ್ ತೀರಾ ಇಳಿದಾಗ ಅದು ಕಂಪ್ರೆಸರನ್ನು ತಡೆಯುತ್ತದೆ. ಅದರ ಎರಡು ವೈರ್ ಜೋಡಿಸಿ ಹಾಗೇ ಓಡಿಸಿಕೊಂಡು ಹೋಗುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಗ್ಯಾಸ್ ಇಲ್ಲದೆ ಎಣ್ಣೆ ಸುತ್ತುವುದಿಲ್ಲ, ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ. ಎಂಜಿನ್ ಅತಿ ಬಿಸಿಯಾದಾಗ ಗಾಡಿಯ ಕಂಪ್ಯೂಟರೇ ಎಸಿ ನಿಲ್ಲಿಸುತ್ತದೆ, ಹಾಗಾಗಿ ಕೂಲೆಂಟ್ ಮಟ್ಟವನ್ನೂ ನೋಡಿ.

ನನ್ನ ಗಾಡಿಯಲ್ಲಿ ಸಿಕ್ಕಿದ್ದು

ತಣ್ಣಗಿದ್ದಾಗ ನನ್ನ ಗಾಡಿಯಲ್ಲಿ ಎಲ್ಲಾ ಪರೀಕ್ಷೆಯೂ ಪಾಸ್. ಅದಕ್ಕೇ ಅಂಗಡಿಯವರಿಗೆ ದೋಷ ಸಿಕ್ಕಿರಲಿಲ್ಲ, ಅವರು ಬೆಳಿಗ್ಗೆ ತಣ್ಣಗಿನ ಗಾಡಿ ನೋಡಿದ್ದರು. ಬಂದು ಹೋಗುವ ದೋಷವನ್ನು ಅದು ಬಂದಾಗಲೇ ಹಿಡಿಯಬೇಕು. ಒಂದು ಮಧ್ಯಾಹ್ನ ಹೊಸಪೇಟೆ ರಸ್ತೆಯಲ್ಲಿ ಒಂದು ಗಂಟೆ ಓಡಿಸಿ, ಬಿಸಿಗಾಳಿ ಶುರುವಾದ ತಕ್ಷಣ ಮನೆ ಮುಂದೆ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಬಾನೆಟ್ ಎತ್ತಿದೆ. ಪುಲ್ಲಿ ತಿರುಗುತ್ತಿದೆ, ಪ್ಲೇಟ್ ನಿಂತಿದೆ.

ಎಂಜಿನ್ ನಿಲ್ಲಿಸಿ, ಕ್ಲಚ್ ವೈರಿನ ಕನೆಕ್ಟರ್‌ಗೆ ಮಲ್ಟಿಮೀಟರ್‌ನ ತಂತಿಗಳನ್ನು ಬೆಲ್ಟಿಗೆ ಸಿಗದ ಹಾಗೆ ಕಟ್ಟಿ, ಮತ್ತೆ ಸ್ಟಾರ್ಟ್ ಮಾಡಿ ಎಸಿ ಹಾಕಿದೆ. 13.8 ವೋಲ್ಟ್ ಬರುತ್ತಿದೆ! ಇದೊಂದು ಅಂಕಿ ಅರ್ಧ ಕೆಲಸ ಮುಗಿಸಿತು. ಸ್ವಿಚ್, ರಿಲೇ, ಪ್ರೆಷರ್ ಸ್ವಿಚ್, ಕಂಪ್ಯೂಟರ್ ಎಲ್ಲರೂ "ಓಡು" ಅಂತ ಹೇಳುತ್ತಿದ್ದಾರೆ, ಓಡಬೇಕಾದ ಕ್ಲಚ್ ಮಾತ್ರ ಹಿಡಿಯುತ್ತಿಲ್ಲ.

ಕ್ಲಚ್ಚಿನ ಕಾಯಿಲ್ ಸುಟ್ಟಿದೆಯಾ ನೋಡಲು ಓಮ್ ಅಳೆದೆ. ತಣ್ಣಗಿರುವಾಗ 3.6, ಬಿಸಿಯಾದಾಗ 4.4. ತಾಮ್ರ ಬಿಸಿಯಾದರೆ ಇಷ್ಟು ಏರುವುದು ಸಹಜ, ಕಾಯಿಲ್ ಚೆನ್ನಾಗಿದೆ. ಆದರೆ ಕಾರಣ ಇಲ್ಲೇ ಅಡಗಿತ್ತು. ಓಮ್ ಏರಿದರೆ ಕರೆಂಟ್ ಕಮ್ಮಿ, ಕರೆಂಟ್ ಕಮ್ಮಿಯಾದರೆ ಅಯಸ್ಕಾಂತದ ಎಳೆತ ಕಮ್ಮಿ. ಪ್ಲೇಟಿಗೂ ಪುಲ್ಲಿಗೂ ನಡುವಿನ ಸಂದು ಜಾಸ್ತಿ ಇದ್ದರೆ ಆ ಎಳೆತ ಸಾಲುವುದಿಲ್ಲ. ಒಮ್ಮೆ ಅಂಟಿದ ಪ್ಲೇಟ್ ಬಿಡುವುದಿಲ್ಲ. ಆದರೆ ಡ್ಯಾಶ್ ಒಳಗಿನ ಕೂಲಿಂಗ್ ಕಾಯಿಲ್ ಸಾಕಷ್ಟು ತಣ್ಣಗಾಗಿ ಎಸಿ ತಾನಾಗಿ ಪ್ಲೇಟನ್ನು ಒಮ್ಮೆ ಬಿಟ್ಟರೆ ಮತ್ತೆ ಹಿಡಿಯಲು ಆಗುವುದಿಲ್ಲ. ಸಿರುಗುಪ್ಪದ ಹತ್ತಿರ ಆದದ್ದು ಇದೇ.

ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ತೆಗೆದು, ಫೀಲರ್ ಗೇಜ್ (ಸಂದು ಅಳೆಯುವ ತೆಳ್ಳನೆ ಲೋಹದ ಪಟ್ಟಿಗಳು) ತೂರಿಸಿ ಆ ಸಂದನ್ನು ಮೂರು ಕಡೆ ಅಳೆದೆ. 0.9 ಮಿಲಿಮೀಟರ್. ಸಾಮಾನ್ಯವಾಗಿ 0.3ರಿಂದ 0.6ರ ಆಸುಪಾಸಿನಲ್ಲಿ ಇರಬೇಕು, ನಿಮ್ಮ ಗಾಡಿಯ ಸರ್ವೀಸ್ ಪುಸ್ತಕದಲ್ಲಿ ಸರಿಯಾದ ಅಂಕಿ ಇರುತ್ತದೆ. ಹನ್ನೆರಡು ವರ್ಷದಲ್ಲಿ ಪ್ಲೇಟ್ ಸವೆದು ಸಂದು ದೊಡ್ಡದಾಗಿತ್ತು, ಅಷ್ಟೇ.

ರಿಪೇರಿ ಇಷ್ಟು: ಆ ಬದಿಯ ಚಕ್ರ ಬಿಚ್ಚಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಬೇಡಿ. ಒಳಗಿನ ಪ್ಲಾಸ್ಟಿಕ್ ಲೈನಿಂಗ್ ತೆಗೆದರೆ ಕಂಪ್ರೆಸರ್ ಮುಖ ಎದುರಿಗೇ ಸಿಗುತ್ತದೆ. ಪ್ಲೇಟ್ ತಿರುಗದ ಹಾಗೆ ಹಿಡಿದು ನಡುವಿನ ಬೋಲ್ಟ್ ಬಿಚ್ಚಿದೆ, ಪ್ಲೇಟ್ ಕೈಗೆ ಬಂತು. ಅದರ ಹಿಂದೆ ಶಾಫ್ಟ್ ಮೇಲೆ ಬೆರಳುಗುರಿನಷ್ಟು ಅಗಲದ ತೆಳ್ಳನೆ ವಾಷರ್‌ಗಳಿವೆ, ಇವೇ ಶಿಮ್. ಕೆಲವೊಮ್ಮೆ ಪ್ಲೇಟಿನ ಒಳಗೆ ಅಂಟಿಕೊಂಡು ಬಂದು ನೆಲಕ್ಕೆ ಬಿದ್ದು ಕಳೆದುಹೋಗುತ್ತವೆ, ಕೆಳಗೆ ಬಟ್ಟೆ ಹಾಸಿ. ನನ್ನದರಲ್ಲಿ ಎರಡಿದ್ದವು. 0.4 ಮಿಲಿಮೀಟರ್‌ನದನ್ನು ತೆಗೆದು ಇನ್ನೊಂದನ್ನು ಬಿಟ್ಟೆ. ಪ್ಲೇಟ್ ಮುಖಕ್ಕೆ ಗ್ರೀಸ್, ಎಣ್ಣೆ ತಾಗಬಾರದು. ಬೋಲ್ಟ್ ಹಿತವಾಗಿ ಬಿಗಿದು ಮತ್ತೆ ಅಳೆದೆ, ಮೂರೂ ಕಡೆ 0.5. ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದೆ, ಪ್ಲೇಟಿಗೆ ಎಲ್ಲೂ ಉಜ್ಜಲಿಲ್ಲ. ಉಜ್ಜಿದರೆ ಸಂದು ತೀರಾ ಕಮ್ಮಿಯಾಗಿದೆ, ಹಾಗೇ ಓಡಿಸಿದರೆ ಪ್ಲೇಟ್ ಸುಡುತ್ತದೆ. ಎರಡು ಗಂಟೆಯ ಕೆಲಸ. ಖರ್ಚು ಫೀಲರ್ ಗೇಜಿನದು ಮಾತ್ರ.

ಆದರೂ ನಿಂತಾಗ ವೆಂಟ್‌ನಲ್ಲಿ 17 ಡಿಗ್ರಿ ಬರುತ್ತಿತ್ತು. ಎರಡೆರಡು ಸಲ ಸುಮ್ನೆ ತುಂಬಿದ್ದ ಗ್ಯಾಸ್ ಈಗ ಅಡ್ಡ ಬಂದಿತ್ತು. ಗ್ಯಾಸ್ ಜಾಸ್ತಿಯಾದರೆ ಕಂಡೆನ್ಸರ್‌ನಲ್ಲಿ ದ್ರವ ತುಂಬಿಕೊಂಡು ಶಾಖ ಬಿಡಲು ಜಾಗ ಕಮ್ಮಿಯಾಗುತ್ತದೆ, ಒತ್ತಡ ಏರುತ್ತದೆ, ತಂಪು ಇಳಿಯುತ್ತದೆ. ಗ್ಯಾಸ್ ಎಳೆದು ತೂಕ ಮಾಡುವ ಮಷೀನ್ ಇರುವ ಅಂಗಡಿಗೆ ಹೋದೆ. ಬಾನೆಟ್ ಸ್ಟಿಕ್ಕರ್‌ನಲ್ಲಿ ಬರೆದಿದ್ದು 350 ಗ್ರಾಂ, ಒಳಗಿಂದ ಬಂದದ್ದು 470.

ಅಂಗಡಿಯಲ್ಲಿ ಏನು ಕೇಳಬೇಕು

ಗ್ಯಾಸ್ ಕೆಲಸ ಮಾಡಿಸಲೇಬೇಕಾದರೆ ಹತ್ತಿರವೇ ನಿಂತು ನೋಡಿ, ಕೇಳಿ, ಮುಜುಗರ ಬೇಡ. ಲೀಕ್ ಟೆಸ್ಟ್ ನೈಟ್ರೋಜನ್‌ನಲ್ಲಿ ಮಾಡುತ್ತಾರಾ? ಪಂಕ್ಚರ್ ಅಂಗಡಿಯ ಗಾಳಿ ತುಂಬಿದರೆ ತೇವ ಒಳಗೆ ಹೋಗುತ್ತದೆ. ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ ಎಳೆಯುವ ಪಂಪ್, ಅರ್ಧ ಗಂಟೆಯಾದರೂ ಹಾಕಿ, ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಏರುತ್ತದಾ ನೋಡುತ್ತಾರಾ? ಏರಿದರೆ ಲೀಕ್ ಇನ್ನೂ ಇದೆ. ಪೈಪ್ ಬಿಚ್ಚಿದ್ದರೆ ಜಾಯಿಂಟಿನ ಓ-ರಿಂಗ್ (ರಬ್ಬರ್ ಬಳೆ) ಮತ್ತು ಡ್ರೈಯರ್ ಹೊಸದು ಹಾಕುತ್ತಾರಾ? ಸ್ಟಿಕ್ಕರ್ ನೋಡಿ ತೂಕ ಮಾಡಿಯೇ ತುಂಬುತ್ತಾರಾ? "ಪೈಪ್ ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ" ಅಂದರೆ ಬೇರೆ ಅಂಗಡಿ ನೋಡಿ. ಎಲ್‌ಪಿಜಿ ಬೆರೆಸಿದ ಅಗ್ಗದ ಗ್ಯಾಸ್‌ಗೆ ಒಪ್ಪಲೇಬೇಡಿ. ಅದು ಹೊತ್ತಿಕೊಳ್ಳುತ್ತದೆ, ಕೂಲಿಂಗ್ ಕಾಯಿಲ್ ಇರುವುದು ನೀವು ಕೂರುವ ಕಡೆಯೇ.

ನನ್ನ ಗಾಡಿಗೆ ಸರಿಯಾಗಿ 350 ಗ್ರಾಂ ತುಂಬಿಸಿದ ಮೇಲೆ ನಿಂತಾಗ 12, ಓಡುವಾಗ 9 ಡಿಗ್ರಿ ಬಂತು. ಈ ಮೇ ತಿಂಗಳಲ್ಲಿ ಅದೇ ದಾರಿಯಲ್ಲಿ ಮತ್ತೆ ರಾಯಚೂರಿಗೆ ಹೋದೆವು. ಸಿರುಗುಪ್ಪ ದಾಟಿತು, ಸಿಂಧನೂರು ದಾಟಿತು, ಮಾನ್ವಿಯಲ್ಲಿ ನಿಲ್ಲಿಸಿದಾಗ ಗಾಡಿ ಕೆಳಗೆ ನೀರು ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಅಮ್ಮ ಹಿಂದಿನಿಂದ "ಸ್ವಲ್ಪ ಕಮ್ಮಿ ಮಾಡೋ, ಚಳಿ ಆಗ್ತಿದೆ" ಅಂದರು.